ರಾಹುಕಾಲ ಮುಗಿಯುವವರೆಗೂ ನಮ್ಮದು

ನಮ್ಮ ಕಾರು ಅಪ್ಪನಿಗೆ ಗೊತ್ತಿದ್ದದ್ದು ಒಳಗಿನಿಂದ, ಅಮ್ಮನಿಗೂ ನನಗೂ ಗೊತ್ತಿದ್ದದ್ದು ಹಿಂದಿನಿಂದ. ಅದರ ಡಿಕ್ಕಿಯ ಮುಚ್ಚಳ ಎಲ್ಲಿ ತಗ್ಗಿದೆ, ಎಲ್ಲಿ ಕೈಯಿಟ್ಟರೆ ತಳ್ಳಲು ಹಿಡಿತ ಸಿಗುತ್ತದೆ, ಎಲ್ಲಿ ಇಟ್ಟರೆ ಬಳೆ ಒಡೆಯುತ್ತದೆ ಎಂಬುದನ್ನು ನಾವಿಬ್ಬರೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲವರಾಗಿದ್ದೆವು. ನಮ್ಮ ಬೀದಿಯ ಮಕ್ಕಳು ಯಾರಿಗಾದರೂ ದಾರಿ ಹೇಳುವಾಗ ನಮ್ಮ ಮನೆಯನ್ನು ‘ತಳ್ಳೋ ಕಾರಿನ ಮನೆ’ ಅನ್ನುತ್ತಿದ್ದವು. ಅಪ್ಪನಿಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ. ತಳ್ಳುವವರಾದ ನಮಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲಿಗೆ, ನಾನಿನ್ನೂ ಮಿಡಲ್ ಸ್ಕೂಲಿನಲ್ಲಿದ್ದಾಗ, ಅಪ್ಪ ತಮ್ಮ ಆಫೀಸಿನ ಹಿರಿಯರೊಬ್ಬರಿಂದ ಅದನ್ನು ಕೊಂಡು ತಂದರು. ಎಂದೋ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ, ಎರಡೇ ಬಾಗಿಲಿನ, ಬೂದು ಬಣ್ಣದ ಪುಟ್ಟ ಕಾರು. ತಿರುಗುವಾಗ ಬಾಗಿಲ ಪಕ್ಕದಿಂದ ಕೆಂಪು ದೀಪದ ಒಂದು ಸಣ್ಣ ಕೈ ಹೊರಗೆ ಚಾಚಿಕೊಳ್ಳುತ್ತಿತ್ತು. ಆ ಕೈ ನೋಡಲೆಂದೇ ನಾನು ಮೊದಲ ವಾರವಿಡೀ ಅಪ್ಪನನ್ನು ಬೀದಿಯ ಮೂಲೆ ಮೂಲೆಯಲ್ಲಿ ತಿರುಗಿಸಿದೆ. ಕಾರಿಲ್ಲದ ಬೀದಿಗೆ ಕಾರು ಬಂದಿತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದರ ಗುಣ ಗೊತ್ತಾಗಿದ್ದು ಆಮೇಲೆ. ಸೆಲ್ಫ್ ಸ್ಟಾರ್ಟರ್ ಹಿಡಿಯುತ್ತಿರಲಿಲ್ಲ. ಮೆಕ್ಯಾನಿಕ್ ಸರಿ ಮಾಡಿಕೊಟ್ಟ ಮೇಲೆ ಒಂದಷ್ಟು ದಿನ ಹಿಡಿಯುವುದು, ಮತ್ತೆ ಮುನಿಸಿಕೊಳ್ಳುವುದು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬಹುದಿತ್ತು. ಆದರೆ ಒಮ್ಮೆ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಅಪ್ಪನ ಮಣಿಕಟ್ಟು ಊದಿಕೊಂಡ ಮೇಲೆ ಅವರು ಅದನ್ನು ಅಟ್ಟಕ್ಕೆ ಹಾಕಿಬಿಟ್ಟರು. ಉಳಿದದ್ದು ಒಂದೇ ದಾರಿ. ಬನಶಂಕರಿ ಎರಡನೇ ಸ್ಟೇಜಿನ ನಮ್ಮ ಬೀದಿ ಕತ್ರಿಗುಪ್ಪೆಯ ಕಡೆಗೆ ಇಳಿಯುತ್ತಿತ್ತು. ಶೆಡ್ಡಿನಿಂದ ಕಾರನ್ನು ಗೇಟಿನಾಚೆಗೆ ತಳ್ಳಿ, ಮೂತಿಯನ್ನು ಇಳಿಜಾರಿಗೆ ತಿರುಗಿಸಿ ಬಿಟ್ಟರೆ ಅದು ತಾನಾಗಿಯೇ ಉರುಳುತ್ತಿತ್ತು; ಅಪ್ಪ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿ ಎದ್ದು ಕೂರುತ್ತಿತ್ತು. ಎದ್ದ ಎಂಜಿನ್ ಮತ್ತೆ ಆರಿಹೋದೀತು ಎಂಬ ಭಯಕ್ಕೆ ಅಪ್ಪ ನಿಲ್ಲಿಸುತ್ತಲೇ ಇರಲಿಲ್ಲ. ಕೆಳಗೆ ಹಿಟ್ಟಿನ ಮಿಲ್ಲಿನ ಮುಂದಿನ ಬಯಲಿನಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿದ್ದರು. ಅಮ್ಮ ಮತ್ತು ನಾನು ಓಡಿ ಹೋಗಿ, ಸುತ್ತುತ್ತಿರುವ ಕಾರಿನ ಬಾಗಿಲು ಹಿಡಿದು ಹತ್ತಿಕೊಳ್ಳಬೇಕು. ಮದುವೆಗೆ ಹೊರಟ ದಿನ ಅಮ್ಮ ರೇಷ್ಮೆ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಡಿದ ಮಲ್ಲಿಗೆ ಒಂದು ಕೈಯಲ್ಲಿ ಒತ್ತಿ ಹಿಡಿದು ಆ ಇಳಿಜಾರಿನಲ್ಲಿ ಓಡುತ್ತಿದ್ದಳು. ಮಿಲ್ಲಿನ ಮುಂದೆ ರಾಗಿ ಬೀಸಿಸಲು ಕೂತವರು ನಮಗಾಗಿ ದಾರಿ ಬಿಟ್ಟು ಸರಿಯುತ್ತಿದ್ದರು.

ಹೀಗಾಗಿ ನಮ್ಮ ಬೆಂಗಳೂರು ಬೇರೆಯವರ ಬೆಂಗಳೂರಿನಂತಿರಲಿಲ್ಲ. ಅಲ್ಲಿ ಇದ್ದದ್ದು ಎರಡೇ ಜಾತಿಯ ಜಾಗ: ಇಳಿಜಾರು ಇರುವವು, ಇಲ್ಲದವು. ಜಯನಗರದ ನಾಲ್ಕನೇ ಬ್ಲಾಕಿನ ಅಂಗಡಿಗಳ ಸುತ್ತ ರಸ್ತೆ ಮಟ್ಟವಾಗಿದೆ ಎಂದು ಅಪ್ಪನಿಗೆ ಅದರ ಮೇಲೆ ಸಿಟ್ಟು. ನಾವು ಹಲ್ಲಿನ ಡಾಕ್ಟರನ್ನು ಆರಿಸಿದ್ದು ಅವರ ಕೈಗುಣ ನೋಡಿ ಅಲ್ಲ, ಅವರ ಬೀದಿ ನೋಡಿ. ಯಾರ ಮನೆಯ ಲಗ್ನಪತ್ರಿಕೆ ಬಂದರೂ ಅಪ್ಪ ಮೊದಲು ಛತ್ರ ಯಾವುದೆಂದು ಓದಿ, ‘ಇದಕ್ಕೆ ಹೋಗಬಹುದು’ ಅಥವಾ ‘ಇದಕ್ಕೆ ಬಸ್ಸು’ ಎಂದು ತೀರ್ಪು ಕೊಡುತ್ತಿದ್ದರು. ನನಗೆ ಇದೆಲ್ಲ ಬಲು ಮೋಜು. ಎಲ್ಲಿಗೆ ಹೊರಟರೂ ಹಬ್ಬಕ್ಕೆ ಹೊರಟ ಹಾಗಿರುತ್ತಿತ್ತು.

ಕಾರಿನ ಆರೈಕೆಯಲ್ಲಿ ಅರ್ಧ ಪಾಲು ಅಮ್ಮನದು. ರೇಡಿಯೇಟರ್ ಸೋರಿದರೆ ಅವಳು ಅಡುಗೆಮನೆಯಿಂದ ಅರಿಶಿನದ ಪುಡಿ ತಂದು ಸುರಿಯುತ್ತಿದ್ದಳು, ಸೋರಿಕೆ ನಿಲ್ಲುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಹನಿ ಕಂಡರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಒತ್ತಿ ಉಜ್ಜುತ್ತಿದ್ದಳು. ಸೀಟಿನ ಕವರು ಹೊಲಿದದ್ದು ಅವಳು. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದವಳೂ ಅವಳೇ. ಸ್ಟೀರಿಂಗ್ ಮಾತ್ರ ಅಪ್ಪನದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒರೆಸುವುದಕ್ಕೂ ಅವರೇ ಬೇಕು.

ಅಮ್ಮ ಒಮ್ಮೆ ಕೇಳಿದ್ದಳು. ನಾನಾಗ ಹೈಸ್ಕೂಲು. ಜೆ.ಪಿ. ನಗರದಲ್ಲಿ ಆಗಷ್ಟೇ ಮನೆ ಕಟ್ಟಿಕೊಂಡಿದ್ದ ನೆಂಟರ ಗೃಹಪ್ರವೇಶ ಮುಗಿಸಿ ಬರುತ್ತಿದ್ದೆವು. ಸುತ್ತ ಖಾಲಿ ಸೈಟುಗಳು, ಎದುರಿಗೆ ಒಂದು ಸೈಕಲ್ಲೂ ಇಲ್ಲ.

“ರೀ, ಒಂದ್ಸಲ ನಂಗೂ ಬಿಡಿ. ಇಲ್ಲಿ ಯಾರೂ ಇಲ್ವಲ್ಲ” ಅಂದಳು.

“ಮನೇಲಿ ಗ್ಯಾಸ್ ಹಚ್ಚೋಕೇ ಮಾರು ದೂರ ನಿಲ್ತೀಯ. ನಿಂಗ್ಯಾಕೆ ಇದೆಲ್ಲ” ಎಂದು ಅಪ್ಪ ನಕ್ಕರು.

ನಮ್ಮಪ್ಪ ಕೆಟ್ಟವರಲ್ಲ. ಅಮ್ಮನಿಗೆ ಜ್ವರ ಬಂದರೆ ಅವಳಿಗಿಂತ ಮೊದಲು ಅವರೇ ಹಾಸಿಗೆ ಹಿಡಿಯುವಂಥವರು. ಆದರೆ ಆ ನಗು ನನ್ನ ಮೈಯನ್ನು ಉರಿಸಿತು. ಅಮ್ಮ ಮತ್ತೆ ಕೇಳಲಿಲ್ಲ. ಹಿಂದಿನ ಸೀಟಿನಿಂದ ನನಗೆ ಒಂದು ಮಾತ್ರ ಕಾಣಿಸುತ್ತಿತ್ತು. ಅಪ್ಪ ಗೇರು ಬದಲಿಸುವಾಗಲೆಲ್ಲ ಪಕ್ಕದಲ್ಲಿ ಕೂತ ಅಮ್ಮನ ಎಡಗಾಲು ಸೀರೆಯ ಅಂಚಿನ ಕೆಳಗೆ ಒಮ್ಮೆ ಒತ್ತಿ, ಬಿಟ್ಟು, ಮತ್ತೊಮ್ಮೆ ಒತ್ತುತ್ತಿತ್ತು. ಆ ಕಾರಿಗೆ ಗೇರು ಬೀಳಬೇಕಾದರೆ ಕ್ಲಚ್ಚನ್ನು ಎರಡೆರಡು ಸಲ ಒತ್ತಲೇಬೇಕಿತ್ತು.

ಎಂಬತ್ತರ ದಶಕ ಬಂತು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಆ ಅಳತೆಯ ಟೈರು ಊರಿಡೀ ಹುಡುಕಿದರೂ ಸಿಗದಾಯಿತು. ಅದರ ನಾಡಿ ಬಲ್ಲ ಮೆಕ್ಯಾನಿಕ್ ಗ್ಯಾರೇಜು ಮುಚ್ಚಿ ಮಗಳ ಊರಿಗೆ ಹೊರಟುಹೋದರು. ಆಗ ಜಯನಗರದ ಒಬ್ಬರು, ಹಳೆ ಕಾರುಗಳ ಹುಚ್ಚಿನವರು, ಕೇಳಿಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಕಾರಿನ ಕೆಳಗೆ ನುಸುಳಿ ನೋಡಿದರು. ಎದ್ದು ಬಂದಾಗ ಅವರ ಮುಖ ನೋಡಿ ಅಪ್ಪನಿಗೆ ಸಮಾಧಾನವಾಯಿತು. ಇವರು ಗುಜರಿಗೆ ಹಾಕುವವರಲ್ಲ, ನಮ್ಮ ಹಾಗೆ ತಲೆ ಕೆಟ್ಟವರೇ. ಮಾತು ಮುಗಿಯಿತು. ಬರುವ ಭಾನುವಾರ ಸಂಜೆ ಒಯ್ಯುತ್ತೇನೆ ಅಂದರು.

“ಆರು ಗಂಟೆ ಮೇಲೆ ಬನ್ನಿ ಸಾರ್. ಭಾನುವಾರ ನಾಲ್ಕೂವರೆಯಿಂದ ರಾಹುಕಾಲ” ಅಂದರು ಅಪ್ಪ.

ಈ ವಿಷಯದಲ್ಲಿ ಅಪ್ಪ ಕಟ್ಟಾ ಮನುಷ್ಯ. ರಾಹುಕಾಲದಲ್ಲಿ ಕಾರನ್ನು ಶೆಡ್ಡಿನಿಂದ ಒಂದಂಗುಲ ಅಲುಗಿಸುತ್ತಿರಲಿಲ್ಲ. ರೈಲಿಗೆ ಹೊತ್ತಾದರೂ ಸರಿ, ಅವರು ಕೈಗಡಿಯಾರ ನೋಡುತ್ತ ಜಗಲಿಯ ಮೇಲೆ ಕೂತಿರುತ್ತಿದ್ದರು. ಬಂದವರು ನಕ್ಕು, ನಮ್ಮ ತಾಯಿಯೂ ಹೀಗೇ ಎಂದು ಒಪ್ಪಿಕೊಂಡು ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನೆಲ್ಲ ಕೇಳಿಸಿಕೊಂಡಳು.

ಭಾನುವಾರ ಬೆಳಗಿನಿಂದ ಅಪ್ಪ ಕಾರನ್ನು ತೊಳೆದರು, ಒರೆಸಿದರು, ಮತ್ತೆ ತೊಳೆದರು. ಮಧ್ಯಾಹ್ನ ಊಟ ಸೇರಲಿಲ್ಲ. ನಾಲ್ಕೂವರೆ ಆಯಿತು, ಅಪ್ಪ ಜಗಲಿಯ ಮೇಲೆ ಬಂದು ಕೂತರು. ಅಮ್ಮ ಕಾಫಿ ತಂದುಕೊಟ್ಟು ಎದುರಿಗೆ ನಿಂತಳು. ನೆರಿಗೆಯನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ರೀ, ಈಗ ನಾನು ಓಡಿಸ್ತೀನಿ.”

“ಏನ್ನ?”

“ಗಾಡೀನ.”

ಅಪ್ಪ ಲೋಟ ಕೆಳಗಿಟ್ಟರು. “ಕೊಟ್ಟಾಯ್ತಲ್ಲೇ ಗಾಡಿ. ಇನ್ನು ಅದು ಅವರದು.”

“ರಾಹುಕಾಲ ಮುಗಿದ್ಮೇಲೆ ಬನ್ನಿ ಅಂದಿದ್ದು ನೀವೇ ತಾನೇ? ಅಂದ್ಮೇಲೆ ಮುಗಿಯೋವರ್ಗೂ ನಮ್ದು.”

“ರಾಹುಕಾಲದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರೇನೆ?”

“ಶುರು ಎಲ್ಲಿಂದ ಬಂತು? ಇವತ್ತಿಗೆ ಎಲ್ಲಾ ಮುಗೀತಲ್ಲ. ಮುಗಿಸೋಕೆ ರಾಹುಕಾಲ ಅಡ್ಡ ಬರಲ್ಲ.”

ಇಷ್ಟು ವರ್ಷ ಅವರು ಹೇಳಿಕೊಂಡು ಬಂದ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಈಗ ಬಿಟ್ಟರೆ ಅಮ್ಮನಿಗೆ ಇನ್ನೆಂದೂ ಇಲ್ಲ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಪ್ಪ ಕೊನೆಯ ಅಸ್ತ್ರ ತೆಗೆದರು.

“ಸರಿ, ನೀನು ಕೂತ್ಕೊಂಡ್ರೆ ತಳ್ಳೋರು ಯಾರು?”

“ನೀವು” ಅಂದಳು ಅಮ್ಮ.

ಬೀಗದ ಕೈ ಕೊಟ್ಟರು. ಕೋಪದಲ್ಲಿ ಕೊಟ್ಟರೋ, ಇದು ಹೇಗೂ ಗೇಟು ದಾಟುವುದಿಲ್ಲ ಎಂಬ ಧೈರ್ಯದಲ್ಲಿ ಕೊಟ್ಟರೋ, ಇಂದಿಗೂ ನನಗೆ ತಿಳಿಯದು. ಅಮ್ಮ ಬಲಗಡೆಯ ಬಾಗಿಲು ತೆರೆದು, ಸೀಟಿಗೆ ಕೈಮುಗಿದು, ಒಳಗೆ ಕೂತಳು. ಅಪ್ಪ ಹಿಂದೆ ಬಂದು ಕೈಯಿಟ್ಟದ್ದು ನೇರ ಬಳೆ ಒಡೆಯುವ ಜಾಗಕ್ಕೆ.

“ಅಲ್ಲಲ್ಲ ಅಪ್ಪ, ಇಲ್ಲಿ” ಎಂದು ಅವರ ಕೈ ಹಿಡಿದು ಸರಿಯಾದ ಕಡೆ ಇಟ್ಟೆ. ಹೇಳಿದರೆ ನಂಬುವುದಿಲ್ಲ, ಆ ಕ್ಷಣದ ಸಂತೋಷಕ್ಕೆ ನಾನು ಪರೀಕ್ಷೆಯಲ್ಲಿ ಪಾಸಾದ ಸಂತೋಷವನ್ನೂ ಸಮ ಹಿಡಿಯಲಾರೆ.

ತಳ್ಳಿದೆವು. ಶೆಡ್ಡು ದಾಟಿ, ಗೇಟು ದಾಟಿ, ಮೂತಿ ಇಳಿಜಾರಿಗೆ ತಿರುಗಿತು. ಎದುರುಮನೆಯ ಆಂಟಿ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಹಾಗೇ ನಿಂತರು. ಕಾರು ಉರುಳಿತು, ವೇಗ ಹಿಡಿಯಿತು. ಅಪ್ಪ “ಈಗ, ಈಗ” ಅನ್ನುತ್ತಿದ್ದರು. ಅಮ್ಮ ಅವರಿಗಿಂತ ತುಸು ತಡೆದೇ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಗುರ್ರ್ ಎಂದು ಎದ್ದಿತು. ನಾನು ಬೀದಿಯ ನಡುವೆ ನಿಂತು ಕುಣಿದುಬಿಟ್ಟೆ.

“ಓಡಿ ಅಪ್ಪ, ಅಮ್ಮ ನಿಲ್ಸಲ್ಲ” ಅಂದೆ.

ಪಂಚೆ ಎತ್ತಿ ಕಟ್ಟಿಕೊಂಡು ಅಪ್ಪ ಓಡಿದರು. ಮಿಲ್ಲಿನ ಮುಂದೆ ಅಮ್ಮ ಸುತ್ತು ಹಾಕುತ್ತಿದ್ದಳು, ಎರಡೂ ಕೈ ಸ್ಟೀರಿಂಗ್ ಮೇಲೆ, ದೃಷ್ಟಿ ನೆಟ್ಟಗೆ. ರಾಗಿ ಬೀಸಿಸಲು ಬಂದವರು ಎದ್ದು ನಿಂತು ನೋಡುತ್ತಿದ್ದರು. ಅಪ್ಪ ಎರಡು ಸಲ ಬಾಗಿಲು ತಪ್ಪಿಸಿಕೊಂಡು ಮೂರನೆಯ ಸಲಕ್ಕೆ ಹಿಡಿದರು. ನಾನು ಅವರನ್ನು ದಾಟಿಕೊಂಡೇ ಹಿಂದಿನ ಸೀಟಿಗೆ ಬಿದ್ದೆ. ಅಪ್ಪ ಆ ಕಾರಿನಲ್ಲಿ ಎಡಗಡೆ ಕೂತದ್ದು ಅದೇ ಮೊದಲು. ಏದುಸಿರು ಬಿಡುತ್ತ, “ಇಷ್ಟು ದೂರ ಓಡ್ಬೇಕಾ?” ಎಂದು ಕೇಳಿದರು. ಅಮ್ಮ ಬಯಲು ಬಿಟ್ಟು ಕತ್ರಿಗುಪ್ಪೆಯ ಕಡೆಗೆ ತಿರುಗಿಸಿದಳು.

ಕತ್ರಿಗುಪ್ಪೆಯ ಆಚೆಗೆ ಹೊಸ ಬಡಾವಣೆ ಎದ್ದಿತ್ತು. ಎದ್ದಿತ್ತು ಅಂದರೆ ಸೈಟುಗಳ ಮೂಲೆಗೆ ಕಲ್ಲು ನೆಟ್ಟು, ಜಲ್ಲಿ ಹಾಸಿದ ರಸ್ತೆಗಳನ್ನು ಮಾಡಿ ಬಿಟ್ಟಿದ್ದರು, ಮನೆಗಳಿರಲಿಲ್ಲ. ಅಮ್ಮ ಕಾರನ್ನು ಅಲ್ಲಿಗೆ ನುಗ್ಗಿಸಿದಳು. ಎರಡನೇ ಗೇರು. ಅವಳ ಕಾಲು ಒತ್ತಿತು, ಬಿಟ್ಟಿತು, ಒತ್ತಿತು; ಗೇರು ಬೆಣ್ಣೆಯ ಹಾಗೆ ಬಿತ್ತು. ಅಪ್ಪ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದರು: ಬ್ರೇಕು, ಹಾರ್ನು, ಎಡಕ್ಕೆ, ಅಯ್ಯೋ ಕಲ್ಲು.

“ನೀವು ಸ್ವಲ್ಪ ಸುಮ್ನಿರಿ. ನಂಗೆ ಎಂಜಿನ್ ಶಬ್ದ ಕೇಳಿಸ್ತಿಲ್ಲ” ಅಂದಳು ಅಮ್ಮ.

ಮೂರನೇ ಗೇರಿಗೆ ಬಿತ್ತು. ಕಿಟಕಿಯಿಂದ ಗಾಳಿ ನುಗ್ಗಿ ಅಮ್ಮನ ಸೆರಗು ನನ್ನ ಮುಖಕ್ಕೆ ಬಡಿಯಿತು. ದೂಳು, ಹೊಲದಿಂದ ಬಂದ ಹಸಿ ರಾಗಿಯ ವಾಸನೆ, ಹಿಂದಕ್ಕೆ ಓಡುವ ಸೈಟಿನ ಕಲ್ಲುಗಳು. ತಿರುವಿನಲ್ಲಿ ಅಮ್ಮ ಗುಂಡಿ ಒತ್ತಿದಾಗ ಆ ಸಣ್ಣ ಕೈ ಹೊರಗೆ ಬಂತು. ನೋಡಲು ಅಲ್ಲಿ ಒಂದು ಎಮ್ಮೆಯೂ ಇರಲಿಲ್ಲ. ನಾನು ನಗುತ್ತಿದ್ದೆ. ಅಮ್ಮ ನಗುತ್ತಿರಲಿಲ್ಲ, ಆದರೆ ಕನ್ನಡಿಯಲ್ಲಿ ಕಂಡ ಅವಳ ಮುಖ ನಾನು ಅದುವರೆಗೆ ನೋಡಿದ್ದ ಮುಖವಲ್ಲ. ನನಗಿಂತ ಚಿಕ್ಕವಳ ಮುಖ ಅದು.

ಆಮೇಲೆ ರಸ್ತೆ ಮುಗಿಯಿತು. ಯಾವ ಸೂಚನೆಯೂ ಇಲ್ಲದೆ ಎದುರಿಗೆ ಮಣ್ಣಿನ ರಾಶಿ, ಅದರಾಚೆ ಚರಂಡಿಗೆಂದು ತೋಡಿದ ಹಳ್ಳ. ಅಮ್ಮ ಬ್ರೇಕ್ ಹಾಕಿದಳು. ಎಂಜಿನ್ ಆರಲಿಲ್ಲ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದಿದ್ದಳು. ಆದರೆ ಸುತ್ತ ಮಟ್ಟ ನೆಲ. ಇಲ್ಲಿ ಆರಿಹೋದರೆ ಇಳಿಜಾರೂ ಇಲ್ಲ, ಜಲ್ಲಿಯ ಮೇಲೆ ಇಬ್ಬರೇ ತಳ್ಳಿ ಎಬ್ಬಿಸಲೂ ಆಗದು. ಆರು ಗಂಟೆಗೆ ಜಯನಗರದವರು ಬಂದರೆ ಮನೆಯ ಮುಂದೆ ಕಾರೇ ಇರುವುದಿಲ್ಲ. ಹಿಂದಕ್ಕೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಆ ಕಾರಿನ ರಿವರ್ಸ್ ಗೇರು ಅಪ್ಪನಿಗೇ ಮೂರು ಸಲಕ್ಕೊಮ್ಮೆ ಸಿಗುತ್ತಿತ್ತು.

“ಇಳಿ. ನಾನು ತಗೋತೀನಿ” ಎಂದು ಅಪ್ಪ ಬಾಗಿಲಿಗೆ ಕೈಹಾಕಿದರು.

“ಇಳಿಯಲ್ಲ.”

“ಹಟ ಬೇಡ ಕಣೇ. ಆಫ್ ಆದ್ರೆ ಕೆಟ್ವಿ.”

“ಇಳಿಯಲ್ಲ ಅಂದ್ನಲ್ಲ” ಅಂದಳು. ದನಿ ಏರಿರಲಿಲ್ಲ.

ಗೇರಿನ ಕೋಲನ್ನು ಮೇಲಕ್ಕೆತ್ತಿ ಎಳೆದಳು. ಕಿರ್ರ್ ಎಂದು ಹಲ್ಲುಗಳು ಕಿರುಚಿದವು. ಅಪ್ಪನ ಬಲಗೈ ತನ್ನಷ್ಟಕ್ಕೆ ತಾನು ಆ ಕೋಲಿನ ಕಡೆ ಹೋಯಿತು. ನಾನು ಹಿಂದಿನಿಂದ ಆ ಕೈಯನ್ನೇ ನೋಡುತ್ತಿದ್ದೆ, ಮುಟ್ಟಬೇಡಿ ಅಪ್ಪ, ದಮ್ಮಯ್ಯ ಮುಟ್ಟಬೇಡಿ ಅಂದುಕೊಳ್ಳುತ್ತ. ಅರ್ಧ ದಾರಿಯಲ್ಲಿ ಕೈ ನಿಂತಿತು. ಹಿಂದಕ್ಕೆ ಬಂದು ಅವರ ತೊಡೆಯ ಮೇಲೆ ಕೂತಿತು. ಅಮ್ಮ ಮತ್ತೊಮ್ಮೆ ಒತ್ತಿ, ಬಿಟ್ಟು, ಒತ್ತಿ, ಕೋಲು ಎಳೆದಳು. ಕಟ್ ಎಂದು ಬಿತ್ತು. ಕಾರು ಮೆಲ್ಲಗೆ ನಡುಗುತ್ತ ಹಿಂದಕ್ಕೆ ಹೊರಟಿತು. ನಾನು ಹಿಂದಿನ ಗಾಜಿಗೆ ಮೂಗು ಒತ್ತಿ, ಬಾ ಬಾ ಬಾ ಎಂದು ಕೂಗುತ್ತಿದ್ದೆ; ಬಸ್ಸಿನ ಕಂಡಕ್ಟರಿಗೂ ಅಷ್ಟು ದನಿ ಇರಲಾರದು. ಎರಡು ಕಲ್ಲುಗಳ ನಡುವೆ ಸೈಟಿನೊಳಗೆ ಬಾಲ ತೂರಿಸಿ, ಮೂತಿ ತಿರುಗಿಸಿ, ಅಮ್ಮ ಮತ್ತೆ ಮೊದಲನೇ ಗೇರಿಗೆ ಹಾಕಿದಳು.

ಆಗ ನಕ್ಕಳು. ಬಾಯಿತುಂಬ, ದನಿ ಎತ್ತಿ ನಕ್ಕಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಸ್ಟೀರಿಂಗ್ ಬಿಡಲಿಲ್ಲ.

ಹಿಂದಿರುಗಿ ನಮ್ಮ ಬೀದಿಯ ಏರನ್ನು ಎರಡನೇ ಗೇರಿನಲ್ಲಿ ಹತ್ತಿದೆವು. ಆರು ದಾಟಿತ್ತು. ಗೇಟಿನ ಮುಂದೆ ಜಯನಗರದವರು ತಮ್ಮ ಸ್ನೇಹಿತರೊಬ್ಬರೊಡನೆ ಕಾಯುತ್ತಿದ್ದರು. ಎದುರುಮನೆಯ ಆಂಟಿ ಅವರಿಗೆ ಆಗಲೇ ವಿಷಯ ಮುಟ್ಟಿಸಿದ್ದರು. ಅಮ್ಮ ಮುಂದಿನ ಅಡ್ಡರಸ್ತೆಯಲ್ಲಿ ತಿರುಗಿಸಿ, ಮೂತಿ ಕೆಳಗೆ ಮಾಡಿ, ಎಂಜಿನ್ ಆರಿಸದೆ ತಂದು ನಿಲ್ಲಿಸಿ ಇಳಿದಳು. ಬಾಗಿಲು ಹಿಡಿದುಕೊಂಡು ನಿಂತಳು. ಜಯನಗರದವರು ಒಳಗೆ ಕೂತು, ಗೇರಿನ ಕೋಲು ಮುಟ್ಟಿ ನೋಡಿ, ಅಪ್ಪನ ಕಡೆ ತಿರುಗಿದರು.

“ಸಾರ್, ಇದರ ಗುಣ ಸ್ವಲ್ಪ ಹೇಳ್ಕೊಟ್ಬಿಡಿ. ಗೇರ್ ಹೇಗೆ ಬೀಳುತ್ತೆ, ಎಲ್ಲಿ ಹಟ ಮಾಡುತ್ತೆ ಅಂತ.”

ಅಪ್ಪನಿಗೆ ಜೀವನದಲ್ಲಿ ಅದಕ್ಕಿಂತ ಇಷ್ಟವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರು. ನಿಂತರು.

“ಅವರನ್ನ ಕೇಳಿ ಸಾರ್. ನಮ್ಮನೆಯವರನ್ನ. ಅವರಿಗೆ ಗೊತ್ತು” ಅಂದರು.

ಅಮ್ಮ ಕಿಟಕಿಗೆ ಬಗ್ಗಿ ಹೇಳತೊಡಗಿದಳು. ಕ್ಲಚ್ ಎರಡು ಸಲ ಒತ್ತಿ. ಉರುಳುವಾಗ ಅವಸರ ಮಾಡಬೇಡಿ, ಅದು ತಾನಾಗಿ ಓಡಲಿ, ಆಮೇಲೆ ಬಿಡಿ. ರಿವರ್ಸಿಗೆ ಮೊದಲ ಸಲ ಬೈಯುತ್ತದೆ, ಹೆದರಬೇಡಿ. ಸೋರಿದರೆ ಅರಿಶಿನ. ಅವರು ಹೂಂ ಮೇಡಂ, ಸರಿ ಮೇಡಂ ಅನ್ನುತ್ತ ಕೇಳಿದರು. ಆಮೇಲೆ ಕಾರು ಹೊರಟಿತು. ಆವತ್ತು ಯಾರೂ ತಳ್ಳಬೇಕಾಗಿರಲಿಲ್ಲ. ಮಿಲ್ಲು ದಾಟಿ, ಎಡಕ್ಕೆ ತಿರುಗಿ, ಮರೆಯಾಯಿತು.

ಶಬ್ದ ಪೂರ್ತಿ ಅಡಗುವವರೆಗೂ ಮೂವರೂ ಬೀದಿಯಲ್ಲೇ ನಿಂತಿದ್ದೆವು. ಅಪ್ಪ ಅಮ್ಮನ ಕಡೆ ನೋಡದೆ, ಇಳಿಜಾರನ್ನೇ ನೋಡುತ್ತ ಹೇಳಿದರು.

“ನಿಂಗೆ ಮೊದ್ಲೇ ಕೊಡ್ಬೇಕಿತ್ತು.”

ನಮ್ಮಮ್ಮ ಎಂಥವಳೆಂದರೆ ಯಾರು ಏನು ತಪ್ಪು ಒಪ್ಪಿಕೊಂಡರೂ ಅವರು ಮಾತು ಮುಗಿಸುವ ಮೊದಲೇ ‘ಅಯ್ಯೋ ಬಿಡಿ, ಪರವಾಗಿಲ್ಲ’ ಎಂದುಬಿಡುವವಳು. ಅದನ್ನೇ ಹೇಳುತ್ತಾಳೆಂದು ನಾನು ಕಾದೆ. ಅಪ್ಪನೂ ಕಾದರು ಅನ್ನಿಸುತ್ತದೆ.

“ಹೂಂ, ಕೊಡ್ಬೇಕಿತ್ತು” ಅಂದಳು ಅಮ್ಮ. ಸೊಂಟಕ್ಕೆ ಸಿಕ್ಕಿಸಿದ್ದ ನೆರಿಗೆಯನ್ನು ಬಿಡಿಸಿಕೊಂಡು, ದೇವರ ದೀಪ ಹಚ್ಚಲು ಒಳಗೆ ಹೋದಳು.